ಅಮ್ಮನೊಬ್ಬಳಿಗೇ ಗೊತ್ತಿದ್ದರೆ ಸಾಲದು: ವಿಶೇಷ ಆರೈಕೆ ಬೇಕಾದ ಮಕ್ಕಳು, ಓದುಗರ ಪ್ರಶ್ನೆಗಳು

ಫೀಡಿಂಗ್ ಟ್ಯೂಬ್, ಆಕ್ಸಿಜನ್, ಕ್ಯಾಥೆಟರ್, ಫಿಟ್ಸ್ ಔಷಧಿ ಎಲ್ಲವನ್ನೂ ಮನೆಯಲ್ಲೇ ನಿಭಾಯಿಸುತ್ತ ಮಗುವನ್ನು ಬೆಳೆಸುತ್ತಿರುವ ಅಪ್ಪ ಅಮ್ಮಂದಿರ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಮಕ್ಕಳ ದೀರ್ಘಕಾಲದ ಆರೈಕೆಯಲ್ಲಿ ತೊಡಗಿರುವ ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು ಸೇರಿ ಉತ್ತರಿಸಿದ್ದೇವೆ. ಇಲ್ಲಿ ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ನಿಮ್ಮ ಮಗುವನ್ನು ನೋಡುವ ವೈದ್ಯರು ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗಳ ಹೊಟ್ಟೆಗೆ ಟ್ಯೂಬ್ ಹಾಕಿ ಒಂದು ವರ್ಷವಾಯಿತು. ಒಳಗಿನ ನೀರು ತುಂಬಿದ ಬಲೂನಿನಿಂದ ನಿಲ್ಲುವ ಬಟನ್ ಟ್ಯೂಬ್. ಪದೇ ಪದೇ ಕಟ್ಟಿಕೊಳ್ಳುತ್ತದೆ. ಚಿಕ್ಕ ಸಿರಿಂಜಿನಲ್ಲಿ ಜೋರಾಗಿ ನೀರು ಒತ್ತಿದರೆ ಬಿಡುತ್ತದೆ, ಆದರೆ ಹೆದರಿಕೆ. ರಾತ್ರಿ ಟ್ಯೂಬೇ ಹೊರಬಂದರೆ ಏನು ಮಾಡಲಿ?

ಉತ್ತರ: ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಮೊದಲು ನೋಡಬೇಕಾದದ್ದು ಔಷಧಿ ಹಾಕುವ ಕ್ರಮ. ಫೀಡ್‌ನಲ್ಲಿರುವ (ಟ್ಯೂಬಿನಲ್ಲಿ ಕೊಡುವ ದ್ರವ ಆಹಾರ) ಪ್ರೋಟೀನ್‌ಗೆ ಆಮ್ಲ ತಗುಲಿದರೆ ಅದು ಒಡೆದು ಗಟ್ಟಿಯಾಗುತ್ತದೆ. ಹಲವು ಸಿರಪ್‌ಗಳು ಆಮ್ಲೀಯವಾಗಿರುತ್ತವೆ. ಟ್ಯೂಬಿನಲ್ಲಿ ಫೀಡ್ ಉಳಿದಿರುವಾಗಲೇ ಸಿರಪ್ ಬಿಟ್ಟರೆ ಅದು ಒಳಗೇ ಹೆಪ್ಪುಗಟ್ಟುತ್ತದೆ.

ಹಾಗಾಗಿ ಮೊದಲು ಫೀಡ್ ನಿಲ್ಲಿಸಿ 5ರಿಂದ 10 ಮಿ.ಲೀ. ನೀರು ಬಿಡಿ. ಆಮೇಲೆ ಒಂದು ಔಷಧಿ, ಸ್ವಲ್ಪ ನೀರು, ಇನ್ನೊಂದು ಔಷಧಿ, ಮತ್ತೆ ನೀರು. ಕೊನೆಯಲ್ಲಿ ಇನ್ನೊಮ್ಮೆ 5ರಿಂದ 10 ಮಿ.ಲೀ. ಎರಡು ಔಷಧಿಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ, ಫೀಡ್‌ಗೂ ಔಷಧಿ ಸೇರಿಸಬೇಡಿ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿದ್ದರೆ ಈ ನೀರೂ ಆ ಲೆಕ್ಕಕ್ಕೇ ಸೇರುತ್ತದೆ. ಎಷ್ಟು ಬಿಡಬಹುದೆಂದು ವೈದ್ಯರಿಂದ ಬರೆಸಿಕೊಳ್ಳಿ.

ಮಾತ್ರೆ ಪುಡಿ ಮಾಡುವ ಮೊದಲು ಔಷಧಿ ಅಂಗಡಿಯವರನ್ನು ಅಥವಾ ವೈದ್ಯರನ್ನು ಕೇಳಲೇಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಮ್ಮೆಲೇ ಮೈಗೆ ಸೇರುತ್ತದೆ. ಕ್ಯಾಪ್ಸೂಲ್‌ನೊಳಗಿನ ಸಣ್ಣ ಕಾಳುಗಳು ಟ್ಯೂಬಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಮಲಬದ್ಧತೆಗೆ ಕೊಡುವ ನಾರಿನ ಪುಡಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ, ಅದನ್ನು ಟ್ಯೂಬಿಗೆ ಹಾಕಲೇಬಾರದು. ಫೆನಿಟೋಯಿನ್ ಎಂಬ ಫಿಟ್ಸ್ ಔಷಧಿ ಕೊಡುತ್ತಿದ್ದರೆ ಇನ್ನೊಂದು ವಿಷಯ: ಫೀಡ್ ಜೊತೆಯಲ್ಲಿ ಹೋದರೆ ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡೋಸ್‌ಗೂ ಫೀಡ್‌ಗೂ ನಡುವೆ ಎಷ್ಟು ಹೊತ್ತು ಬಿಡುವು ಬೇಕು ಎಂದು ಕೇಳಿಕೊಳ್ಳಿ.

ಕಟ್ಟಿಕೊಂಡಾಗ ಚಿಕ್ಕ ಸಿರಿಂಜ್ ಬೇಡ. ಸಿರಿಂಜ್ ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚು, ಟ್ಯೂಬ್ ಸೀಳುವುದೇ ಅದರಿಂದ. 50 ಅಥವಾ 60 ಮಿ.ಲೀ. ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ನಿಧಾನವಾಗಿ ಒತ್ತಿ, ಹಿಂದಕ್ಕೆ ಎಳೆದು, ಮತ್ತೆ ಒತ್ತಿ. ಬಿಡದಿದ್ದರೆ ನೀರನ್ನು ಹಾಗೇ 15–20 ನಿಮಿಷ ಬಿಟ್ಟು, ಹೊರಗಿನ ಟ್ಯೂಬನ್ನು ಬೆರಳಿನಿಂದ ಹಿಸುಕುತ್ತ ಮತ್ತೊಮ್ಮೆ ಪ್ರಯತ್ನಿಸಿ. ತಂತಿ ತೂರಿಸುವುದು ಬೇಡ. ಸೋಡಾದಂಥ ತಂಪು ಪಾನೀಯ ಅಥವಾ ಹಣ್ಣಿನ ರಸವೂ ಬೇಡ, ಅವುಗಳ ಆಮ್ಲದಿಂದ ಕಟ್ಟಿಕೊಂಡದ್ದು ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನು ಟ್ಯೂಬ್ ಹೊರಬರುವ ಮಾತು. ಟ್ಯೂಬಿಗೆಂದು ಹೊಟ್ಟೆಯಲ್ಲಿ ಮಾಡಿದ ದಾರಿ ಕೆಲವೇ ಗಂಟೆಗಳಲ್ಲಿ ಕಿರಿದಾಗಿ ಮುಚ್ಚಿಕೊಳ್ಳಬಹುದು, ಆದ್ದರಿಂದ ಬೆಳಗಾಗಲಿ ಎಂದು ಕಾಯುವಂತಿಲ್ಲ. ನಿಮ್ಮ ಮಗಳಂತೆ ದಾರಿ ಚೆನ್ನಾಗಿ ಕೂಡಿಕೊಂಡಿದ್ದು, ನಿಮಗೆ ಬದಲಾಯಿಸುವ ತರಬೇತಿ ಸಿಕ್ಕಿದ್ದರೆ, ಅದೇ ಅಳತೆಯ ಹೊಸ ಬಟನ್ನಿಗೆ ನೀರಿನ ಅಂಶದ ಜೆಲ್ ಸವರಿ ನಿಧಾನವಾಗಿ ಹಾಕಿ ಬಲೂನು ತುಂಬಿ. ಹೊಟ್ಟೆಯ ದ್ರವವನ್ನು ಹಿಂದಕ್ಕೆಳೆದು, ಕಲಿಸಿಕೊಟ್ಟ ರೀತಿಯಲ್ಲಿ ಜಾಗ ಖಚಿತಪಡಿಸಿಕೊಳ್ಳದೆ ಫೀಡ್ ಬಿಡಬೇಡಿ. ತಡೆ ಬಂದರೆ ಬಲ ಹಾಕಬೇಡಿ, ಟ್ಯೂಬನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗಿ ಇನ್ನೂ ಕೆಲವೇ ವಾರಗಳಾದ ಮಕ್ಕಳಲ್ಲಿ ಮಾತ್ರ ಮನೆಯಲ್ಲಿ ಕೈಹಾಕಲೇಬಾರದು. ಆಗ ಹೊಟ್ಟೆಯ ಗೋಡೆಯೂ ಜಠರವೂ ಪೂರ್ತಿ ಅಂಟಿಕೊಂಡಿರುವುದಿಲ್ಲ. ಟ್ಯೂಬ್ ಜಠರದ ಹೊರಗೆ ಹೋಗಿ ಕೂತು, ಫೀಡ್ ಹೊಟ್ಟೆಯ ಕುಹರಕ್ಕೆ ಬೀಳುವ ಅಪಾಯವಿದೆ.

ಬಹಳ ಸಲ ಟ್ಯೂಬ್ ಹೊರಬರುವುದು ಬಲೂನಿನ ನೀರು ಸೋರಿರುವುದರಿಂದ. ವಾರಕ್ಕೊಮ್ಮೆ ಬಟನ್ನನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಲೂನಿನ ನೀರನ್ನು ಸಿರಿಂಜಿಗೆ ಎಳೆದು ಅಳೆಯಿರಿ. ಎಷ್ಟು ತುಂಬಿಸಿದ್ದಿರೋ ಅಷ್ಟು ಬರಬೇಕು. ಕಡಿಮೆ ಬಂದರೆ ಸರಿಯಾದ ಅಳತೆ ತುಂಬಿ, ಮತ್ತೆ ಕಡಿಮೆಯಾದರೆ ಬಲೂನು ಸೋರುತ್ತಿದೆ ಎಂದರ್ಥ. ತುಂಬಲು ಸ್ಟೆರೈಲ್ ಅಥವಾ ಡಿಸ್ಟಿಲ್ಡ್ ನೀರೇ ಆಗಬೇಕು. ಸಲೈನ್ ಹಾಕಿದರೆ ಉಪ್ಪು ಹರಳುಗಟ್ಟಿ ವಾಲ್ವ್ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಮಗನಿಗೆ ಫಿಟ್ಸ್ ಇದೆ. ಫಿಟ್ಸ್ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಕೊಟ್ಟಿದ್ದಾರೆ. ಅದನ್ನು ಯಾವಾಗ ಬಳಸಬೇಕು ಎನ್ನುವುದರಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ನನ್ನವರು 'ತಾನಾಗೇ ನಿಲ್ಲುತ್ತೆ, ಕಾಯೋಣ' ಅಂತಾರೆ.

ಉತ್ತರ: ಕಾಯುವುದಕ್ಕೂ ಒಂದು ಮಿತಿ ಇದೆ, ಅದು 5 ನಿಮಿಷ. ಕೈಕಾಲು ಬಿಗಿದು ನಡುಗುವ ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ, ಆ ಮಟ್ಟಿಗೆ ನಿಮ್ಮ ಯಜಮಾನರ ಮಾತು ನಿಜ. ಆದರೆ 5 ನಿಮಿಷ ದಾಟಿದ್ದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ತಡವಾದಷ್ಟೂ ಔಷಧಿಗೂ ಬಗ್ಗುವುದಿಲ್ಲ. ಅಪಸ್ಮಾರದ ಅಂತರರಾಷ್ಟ್ರೀಯ ಒಕ್ಕೂಟ 2015ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ಈ ಬಗೆಯ ಫಿಟ್ಸ್‌ಗೆ ಚಿಕಿತ್ಸೆ ಶುರುವಾಗಬೇಕಾದ ಗಡಿ 5 ನಿಮಿಷ, ಮಿದುಳಿಗೆ ದೀರ್ಘಕಾಲದ ಹಾನಿಯ ಭಯ ಆರಂಭವಾಗುವ ಗಡಿ 30 ನಿಮಿಷ. ಕೆಲವು ಮಕ್ಕಳಿಗೆ ವೈದ್ಯರು ಇನ್ನೂ ಬೇಗ ಕೊಡಲು ಹೇಳಿರುತ್ತಾರೆ. ನಿಮ್ಮ ಮಗನ ನಿಮಿಷ ಎಷ್ಟು ಎಂದು ಬರೆಸಿಕೊಂಡು ಗೋಡೆಗೆ ಅಂಟಿಸಿ. ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಫಿಟ್ಸ್ ಶುರುವಾದ ಕೂಡಲೇ ಮೊದಲ ಕೆಲಸ ಗಡಿಯಾರ ನೋಡುವುದು. ಗಾಬರಿಯಲ್ಲಿ ಒಂದು ನಿಮಿಷ ಹತ್ತರಂತೆ ಕಾಣುತ್ತದೆ, ಅಂದಾಜಿನ ಮೇಲೆ ಔಷಧಿ ಕೊಡಬಾರದು. ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಒಂದು ಪಕ್ಕಕ್ಕೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ. ಬಾಯೊಳಗೆ ಚಮಚ, ಬೆರಳು, ಬಟ್ಟೆ ಏನೂ ಬೇಡ. ನಾಲಗೆ ನುಂಗಿಬಿಡುತ್ತಾನೆ ಎನ್ನುವುದು ಸುಳ್ಳು, ಹಲ್ಲು ಮುರಿದು ಉಸಿರುನಾಳಕ್ಕೆ ಹೋಗುವುದು ನಿಜ. ಅಲುಗದಂತೆ ಒತ್ತಿ ಹಿಡಿಯಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರೂ ಬೇಡ.

ಮೂಗಿನ ಔಷಧಿಯನ್ನು ಸಿರಿಂಜಿಗೆ ಸ್ಪ್ರೇ ತುದಿ ಸಿಕ್ಕಿಸಿ ಕೊಡುವುದಾದರೆ ಸಾಮಾನ್ಯವಾಗಿ ಅರ್ಧರ್ಧ ಎರಡೂ ಹೊಳ್ಳೆಗೆ ಹಂಚುತ್ತಾರೆ. ಒಂದಕ್ಕೇ ಹೆಚ್ಚು ಹಾಕಿದರೆ ಗಂಟಲಿಗೆ ಇಳಿದು ವ್ಯರ್ಥವಾಗುತ್ತದೆ. ಒಂದೇ ಸಲಕ್ಕೆಂದು ತುಂಬಿ ಬರುವ ರೆಡಿ ಸ್ಪ್ರೇಗಳಲ್ಲಿ ಕ್ರಮ ಬೇರೆ, ಅದರ ಡಬ್ಬಿಯಲ್ಲಿರುವಂತೆಯೇ ಮಾಡಿ. ಕೊಟ್ಟ ಮೇಲೆ ಎದೆ ಏರಿಳಿಯುವುದನ್ನೂ ತುಟಿಯ ಬಣ್ಣವನ್ನೂ ನೋಡುತ್ತ ಪಕ್ಕದಲ್ಲೇ ಇರಿ, ಈ ಔಷಧಿ ಉಸಿರಾಟವನ್ನು ನಿಧಾನಗೊಳಿಸಬಲ್ಲದು. ಕೊಟ್ಟು 5 ನಿಮಿಷವಾದರೂ ನಿಲ್ಲದಿದ್ದರೆ, ಉಸಿರು ತಡವರಿಸಿದರೆ, ನಿಂತ ಫಿಟ್ಸ್ ಎಚ್ಚರವಾಗುವ ಮೊದಲೇ ಮತ್ತೆ ಶುರುವಾದರೆ, ನೀರಿನಲ್ಲಿದ್ದಾಗ ಬಂದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಎರಡನೇ ಡೋಸ್ ಸ್ವಂತ ತೀರ್ಮಾನದಲ್ಲಿ ಕೊಡುವಂತಿಲ್ಲ.

ಬಹಳ ಮನೆಗಳಲ್ಲಿ ಕಾಣುವ ಲೋಪವೊಂದಿದೆ. ಈ ಡೋಸ್ ಮಗುವಿನ ತೂಕದ ಮೇಲೆ ನಿಂತಿದೆ. ಎರಡು ವರ್ಷದ ಹಿಂದೆ 12 ಕಿಲೋ ಇದ್ದ ಮಗು ಈಗ 17 ಕಿಲೋ ಆಗಿದ್ದರೆ ಹಳೆಯ ಡೋಸ್ ಫಿಟ್ಸ್ ನಿಲ್ಲಿಸದೇ ಹೋಗಬಹುದು, ಆಗ 'ಔಷಧಿ ಕೆಲಸ ಮಾಡ್ಲಿಲ್ಲ' ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಪ್ರತಿ ಭೇಟಿಯಲ್ಲೂ ತೂಕ ಹೇಳಿ ಡೋಸ್ ಮರುಪರಿಶೀಲಿಸಿಕೊಳ್ಳಿ. ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ.

ಪ್ರಶ್ನೆ: ನನ್ನ ಆರು ವರ್ಷದ ಮಗಳ ಟ್ಯೂಬ್, ಔಷಧಿ, ಸಕ್ಷನ್ (ಕಫ ಎಳೆದು ತೆಗೆಯೋದು) ಎಲ್ಲ ನಾನೇ ನೋಡಿಕೊಳ್ಳೋದು. ಈಗ ನನಗೇ ಆಪರೇಷನ್ ಆಗಬೇಕಿದೆ. ನಾಲ್ಕು ದಿನ ಆಸ್ಪತ್ರೆ. ನನ್ನ ಬಿಟ್ರೆ ಯಾರಿಗೂ ಏನೂ ಗೊತ್ತಿಲ್ಲ, ಮುಂದೂಡೋಣ ಅನಿಸ್ತಿದೆ.

ಉತ್ತರ: ದಯವಿಟ್ಟು ಮುಂದೂಡಬೇಡಿ. ಇಂದು ದಿನಾಂಕ ಗೊತ್ತಿದೆ, ಸಿದ್ಧತೆಗೆ ಸಮಯವಿದೆ. ಮುಂದೂಡಿದರೆ ಒಂದು ದಿನ ಹೇಳದೆ ಕೇಳದೆ ಆಸ್ಪತ್ರೆಗೆ ಹೋಗಬೇಕಾಗಬಹುದು, ಆಗ ಕಲಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮಗುವಿನ ಆರೈಕೆ ಒಬ್ಬರ ತಲೆಯಲ್ಲಿ ಮಾತ್ರ ಇರುವುದೇ ಇಂಥ ಮನೆಗಳ ಅತಿ ದೊಡ್ಡ ಅಪಾಯ ಎಂದು ನಾವು ನಂಬುತ್ತೇವೆ. ಇದು ನಿಮ್ಮ ತಪ್ಪಲ್ಲ. ಚೆನ್ನಾಗಿ ಮಾಡುವವರ ಮೇಲೇ ಎಲ್ಲವೂ ಬಂದು ಬೀಳುತ್ತದೆ.

ಮೊದಲು ಒಂದೇ ಒಂದು ಹಾಳೆ ಬರೆಯಿರಿ. ದಪ್ಪ ಫೈಲ್ ಬೇರೆ ಇರಲಿ, ತುರ್ತಿನಲ್ಲಿ ಫೈಲ್ ಯಾರೂ ಓದುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1999ರಲ್ಲೇ ಇಂಥ ಮಕ್ಕಳಿಗೆ ತುರ್ತು ಮಾಹಿತಿಯ ಒಂದು ನಮೂನೆ ಇರಬೇಕೆಂದು ಹೇಳಿತು. ಹುಟ್ಟಿದ ದಿನಾಂಕ, ಈಗಿನ ತೂಕ ಮತ್ತು ತೂಕ ನೋಡಿದ ದಿನ, ಕಾಯಿಲೆಗಳ ಹೆಸರು, ಅಲರ್ಜಿ, ಪ್ರತಿ ಔಷಧಿಯ ಮಿ.ಗ್ರಾಂ ಮತ್ತು ಮಿ.ಲೀ. ಎರಡೂ, ಟ್ಯೂಬಿನ ಬಗೆ ಮತ್ತು ಅಳತೆ, ಯಾವ ವೈದ್ಯರಿಗೆ ಫೋನ್ ಮಾಡಬೇಕು ಎನ್ನುವುದು ಅದರಲ್ಲಿರಲಿ. ಎಲ್ಲರೂ ಮರೆಯುವುದು ಒಂದೇ ಸಾಲನ್ನು: ಚೆನ್ನಾಗಿರುವಾಗ ಈ ಮಗು ಹೇಗಿರುತ್ತದೆ? ಆಕ್ಸಿಜನ್ ಮಟ್ಟ ಎಷ್ಟು, ನಿಮಿಷಕ್ಕೆ ಎಷ್ಟು ಉಸಿರು, ನೋವಾದರೆ ಹೇಗೆ ತೋರಿಸುತ್ತಾಳೆ, ಕಣ್ಣು ಕೂಡಿಸಿ ನೋಡುತ್ತಾಳೋ ಇಲ್ಲವೋ. ಸದಾ 92 ತೋರಿಸುವ ಮಗುವಿನ 92 ನೋಡಿ ಹೊಸ ವೈದ್ಯರು ಗಾಬರಿಯಾಗುತ್ತಾರೆ. ಸದಾ 98 ಇರುವ ಮಗುವಿನ 92 ನೋಡಿ ಯಾರೋ ಸುಮ್ಮನಾಗಬಹುದು. ಅಮ್ಮನಿಗೆ ಕಣ್ಣಳತೆಯಲ್ಲೇ ತಿಳಿಯುವುದು ಬೇರೆಯವರಿಗೆ ಬರೆದುಕೊಟ್ಟರೆ ಮಾತ್ರ ತಿಳಿಯುತ್ತದೆ.

ಆಮೇಲೆ ಕಲಿಸುವ ಕೆಲಸ. ನೋಡಿಕೊಳ್ಳುವವರು ಇಬ್ಬರಿರಲಿ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು. ಮೊದಲ ದಿನಗಳಲ್ಲಿ ಅವರು ಬರೀ ನೋಡಲಿ, ನೀವು ಮಾಡುತ್ತ ಪ್ರತಿ ಹೆಜ್ಜೆಗೂ ಕಾರಣ ಹೇಳಿ. ನಂತರ ಅವರು ಮಾಡಲಿ, ನೀವು ಕೈ ಕಟ್ಟಿಕೊಂಡು ನಿಲ್ಲಿ. ಇದು ಕಷ್ಟ, ಕೈ ತಾನಾಗಿ ಮುಂದೆ ಹೋಗುತ್ತದೆ, ತಡೆದುಕೊಳ್ಳಿ. ಮುಂದೆ ನೀವು ಪಕ್ಕದ ಕೋಣೆಯಲ್ಲಿರಿ. ಕೊನೆಗೆ ಒಂದು ಪೂರ್ತಿ ರಾತ್ರಿ ಅವರದ್ದೇ ಪಾಳಿ, ನೀವು ಮನೆಯಲ್ಲಿದ್ದರೂ ಎದ್ದು ಬರಬೇಡಿ. 'ಅರ್ಥ ಆಯ್ತಾ?' ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು 'ಟ್ಯೂಬ್ ಹೊರಬಂದ್ರೆ ಏನ್ ಮಾಡ್ತೀರಿ, ಹೇಳಿ ನೋಡೋಣ' ಎಂದು ಅವರ ಬಾಯಿಂದಲೇ ಹೇಳಿಸಿ.

ಸಕ್ಷನ್ ಬಗ್ಗೆ ಎರಡು ಮಾತು, ಹೊಸಬರು ತಪ್ಪುವುದು ಇಲ್ಲೇ. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಹಾಕಿರುವ ಟ್ಯೂಬಿಗೆ ಸಕ್ಷನ್ ಮಾಡುವುದಾದರೆ ಕ್ಯಾಥೆಟರ್ ಎಷ್ಟು ಒಳಗೆ ಹೋಗಬೇಕೆಂದು ಮೊದಲೇ ಅಳೆದು ಗುರುತು ಹಾಕಿಡಿ, ಟ್ಯೂಬಿನ ತುದಿಯಾಚೆ ತಳ್ಳಿದರೆ ಉಸಿರುನಾಳದ ಒಳಪದರಕ್ಕೆ ಗಾಯವಾಗುತ್ತದೆ. ಒಂದು ಸಲಕ್ಕೆ 5ರಿಂದ 10 ಸೆಕೆಂಡು ಮೀರಬಾರದು, ಅಷ್ಟು ಹೊತ್ತೂ ಮಗು ಉಸಿರು ಕಟ್ಟಿದಂತೆಯೇ ಇರುತ್ತದೆ. ಅದೇ ಅಳತೆಯ ಇನ್ನೊಂದು ಟ್ಯೂಬ್, ಒಂದು ಅಳತೆ ಚಿಕ್ಕದಾದ ಮತ್ತೊಂದು ಟ್ಯೂಬ್, ಕಟ್ಟುವ ಪಟ್ಟಿ, ಕತ್ತರಿ, ಜೆಲ್, ಕೈಯಿಂದ ಒತ್ತಿ ಉಸಿರು ಕೊಡುವ ಚೀಲ ಇರುವ ಬ್ಯಾಗ್ ಮಗು ಹೋದಲ್ಲೆಲ್ಲ ಹೋಗಬೇಕು, ಪಕ್ಕದ ಕೋಣೆಗೂ ಕೂಡ.

ಪ್ರಶ್ನೆ: ಅಂಗಡಿಯಲ್ಲಿ ಎಂದಿನ ಸಿರಪ್ ಇರಲಿಲ್ಲವೆಂದು ಅದೇ ಔಷಧಿಯ ಬೇರೆ ಬ್ರ್ಯಾಂಡ್ ಕೊಟ್ಟರು. 5 ಮಿ.ಲೀ. ಕೊಡುತ್ತಿದ್ದೆ, ಅಷ್ಟೇ ಕೊಡಲಾ?

ಉತ್ತರ: ಶೀಸೆಯ ಮೇಲಿನ ಅಂಕಿ ನೋಡದೆ ಬೇಡ. ಅದೇ ಔಷಧಿ ಒಂದು ಶೀಸೆಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, ಇನ್ನೊಂದರಲ್ಲಿ 250 ಮಿ.ಗ್ರಾಂ ಇರಬಹುದು. ಹಳೆಯ ಅಳತೆಯಲ್ಲೇ ಕೊಟ್ಟರೆ ಡೋಸ್ ನೇರ ದುಪ್ಪಟ್ಟು. ನೆನಪಿನಲ್ಲಿಡಬೇಕಾದದ್ದು ಮಿ.ಗ್ರಾಂ, ಮಿ.ಲೀ. ಅದರಿಂದ ಲೆಕ್ಕ ಹಾಕಿ ಪಡೆಯುವುದು. ಚಮಚ ಬಿಟ್ಟು ಬಾಯಿಗೆ ಹಾಕುವ ಸಿರಿಂಜ್ ಬಳಸಿ, ಪುಡಿ ತಳಕ್ಕೆ ಇಳಿಯುವ ಸಸ್ಪೆನ್ಷನ್ ಆದರೆ ಚೆನ್ನಾಗಿ ಅಲುಗಾಡಿಸಿ. ಇಲ್ಲವಾದರೆ ಮೊದಲ ಡೋಸ್ ನೀರು, ಕೊನೆಯ ಡೋಸ್ ಗಸಿ. ಫಿಟ್ಸ್ ಔಷಧಿಯಾದರೆ ಬ್ರ್ಯಾಂಡ್ ಬದಲಾಯಿಸುವ ಮುನ್ನ ವೈದ್ಯರಿಗೆ ತಿಳಿಸಿ. ಸ್ಟಾಕ್ ಇಲ್ಲವೆಂದು ಫಿಟ್ಸ್ ಔಷಧಿ, ಸ್ನಾಯುಗಳ ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್, ದಿನವೂ ಕೊಡುವ ಸ್ಟೀರಾಯ್ಡ್ ಇವುಗಳನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಕನಿಷ್ಠ ಎರಡು ವಾರದ ದಾಸ್ತಾನು ಉಳಿದಿರುವಾಗಲೇ ಮುಂದಿನದು ತರಿಸಿ.

ಪ್ರಶ್ನೆ: ಐದು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ). ನಡೆಯುವುದಿಲ್ಲ, ಆಸರೆ ಕೊಟ್ಟರೆ ಕೂರುತ್ತಾನೆ. ಸೊಂಟಕ್ಕೆ ಎಕ್ಸ್‌ರೇ ತೆಗೆಸಿ ಎಂದು ಮತ್ತೆ ಮತ್ತೆ ಹೇಳುತ್ತಾರೆ. ಅವನಿಗೆ ನೋವೇ ಇಲ್ಲವಲ್ಲ?

ಉತ್ತರ: ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ, ಅದಕ್ಕೇ ಎಕ್ಸ್‌ರೇ. ತೊಡೆಯ ಸ್ನಾಯುಗಳು ಬಿಗಿಯಾಗಿದ್ದು, ಮಗು ಕಾಲೂರಿ ನಿಲ್ಲದಿದ್ದರೆ ತೊಡೆಮೂಳೆಯ ತಲೆ ಸೊಂಟದ ಬಟ್ಟಲಿನಿಂದ ಸ್ವಲ್ಪ ಸ್ವಲ್ಪವೇ ಹೊರಸರಿಯುತ್ತದೆ. ಮೊದಮೊದಲು ಮಗುವಿಗೂ ಗೊತ್ತಾಗುವುದಿಲ್ಲ, ಮುಟ್ಟಿ ನೋಡಿದವರಿಗೂ ಗೊತ್ತಾಗದಿರಬಹುದು.

ಚಲನೆಯ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ ಪದ್ಧತಿ 1997ರಿಂದ ಬಳಕೆಯಲ್ಲಿದೆ. ಚೆನ್ನಾಗಿ ನಡೆಯುವವರು ಒಂದನೇ ಹಂತ, ತಲೆ ನಿಲ್ಲಿಸಲೂ ಕಷ್ಟಪಡುವವರು ಐದನೇ ಹಂತ. ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೊಂಟ ಸರಿದದ್ದು ಒಂದನೇ ಹಂತದ ಯಾವ ಮಗುವಿನಲ್ಲೂ ಕಾಣಲಿಲ್ಲ, ಐದನೇ ಹಂತದವರಲ್ಲಿ ಶೇ 90ರಷ್ಟು ಮಕ್ಕಳಲ್ಲಿ ಕಂಡಿತು. ಎಕ್ಸ್‌ರೇಯಲ್ಲಿ ಮೂಳೆಯ ತಲೆ ಎಷ್ಟು ಪಾಲು ಬಟ್ಟಲಿನ ಹೊರಗಿದೆ ಎಂದು ಅಳೆಯುತ್ತಾರೆ, ಶೇ 30 ದಾಟಿದರೆ ಮೂಳೆತಜ್ಞರು ನೋಡಬೇಕು. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಎಲ್ಲ ಇಂಥ ಮಕ್ಕಳನ್ನೂ ಹೀಗೆ ನಿಯಮಿತವಾಗಿ ನೋಡುತ್ತ ಬಂದ ಮೇಲೆ ಸೊಂಟ ಪೂರ್ತಿ ಕಳಚುವುದು ಅಲ್ಲಿ ಬಹಳ ಅಪರೂಪವಾಗಿದೆ. ಬೇಗ ಕಂಡರೆ ಚಿಕ್ಕ ಆಪರೇಷನ್‌ನಲ್ಲಿ ಮುಗಿಯಬಹುದಾದದ್ದು ತಡವಾದರೆ ಮೂಳೆ ಕತ್ತರಿಸಿ ಕೂಡಿಸುವ ದೊಡ್ಡ ಆಪರೇಷನ್ ಆಗುತ್ತದೆ.

ಎಕ್ಸ್‌ರೇ ತೆಗೆಯುವಾಗ ನೀವೂ ನೋಡಿಕೊಳ್ಳಿ: ಅಂಗಾತ ಮಲಗಿರಬೇಕು, ಕಾಲು ಅತ್ತಿತ್ತ ಹೊರಳದೆ ಮಂಡಿಚಿಪ್ಪು ನೇರ ಮೇಲಕ್ಕಿರಬೇಕು. ಕಾಲು ತಿರುಚಿಕೊಂಡಿದ್ದರೆ ಅಳತೆಯೇ ತಪ್ಪುತ್ತದೆ, ಹಿಂದಿನದರ ಜೊತೆ ಹೋಲಿಸಲು ಆಗುವುದಿಲ್ಲ. ಹಳೆಯ ಫಿಲ್ಮ್ ಎಸೆಯಬೇಡಿ. ಮನೆಯಲ್ಲಿ ಡಯಾಪರ್ ಬದಲಾಯಿಸುವಾಗ ತೊಡೆ ಅಗಲಿಸುವುದು ಮೊದಲಿಗಿಂತ ಕಷ್ಟವಾಗಿದ್ದರೆ, ಮಂಡಿ ಮಡಿಸಿ ಮಲಗಿಸಿದಾಗ ಒಂದು ಮಂಡಿ ಇನ್ನೊಂದಕ್ಕಿಂತ ಕೆಳಗೆ ಕಂಡರೆ, ಮುಂದಿನ ಎಕ್ಸ್‌ರೇ ದಿನಾಂಕದವರೆಗೆ ಕಾಯದೆ ಹೋಗಿ.

ಪ್ರಶ್ನೆ: ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ, ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳದ ತೊಂದರೆ) ಇರುವ ಮಗಳು ಈ ವರ್ಷ ಶಾಲೆಗೆ ಸೇರಿದ್ದಾಳೆ. ದಿನಕ್ಕೆ ಐದಾರು ಸಲ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು. ಶಾಲೆಯಲ್ಲಿ ಸ್ಟೆರೈಲ್ ವ್ಯವಸ್ಥೆ ಇಲ್ಲ. ಶಾಲೆಯ ಹೊತ್ತಿನಲ್ಲಿ ಒಮ್ಮೆ ಬಿಟ್ಟರೆ ನಡೆಯುತ್ತದೆಯೇ?

ಉತ್ತರ: ಬಿಡಬೇಡಿ. ಸೋಂಕಿಗೆ ಮುಖ್ಯ ಕಾರಣ ಹೊರಗಿನ ಕೊಳೆಗಿಂತ ಹೆಚ್ಚಾಗಿ ಒಳಗೆ ನಿಂತ ಮೂತ್ರ. ಮೂತ್ರಚೀಲ ಅತಿಯಾಗಿ ಹಿಗ್ಗಿದಾಗ ಅದರ ಗೋಡೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ರೋಗಾಣು ಬೇರೂರುವುದು ಆಗಲೇ. ಒತ್ತಡ ಹೆಚ್ಚಿದರೆ ಮೂತ್ರ ಕಿಡ್ನಿಯತ್ತ ಹಿಮ್ಮುಖವಾಗಿ ಹೋಗಿ ಶಾಶ್ವತ ಹಾನಿ ಮಾಡಬಲ್ಲದು. 1972ರಲ್ಲಿ ಅಮೆರಿಕದ ಮೂತ್ರರೋಗ ತಜ್ಞ ಜಾಕ್ ಲ್ಯಾಪಿಡೆಸ್ ಇದನ್ನೇ ಮುಂದಿಟ್ಟು, ಸ್ಟೆರೈಲ್ ಅಲ್ಲದಿದ್ದರೂ ಶುಚಿಯಾದ ಕೈಯಿಂದ ಹೊತ್ತು ಹೊತ್ತಿಗೆ ಖಾಲಿ ಮಾಡಿದರೆ ಸಾಕು ಎಂದು ತೋರಿಸಿದರು. ಸೋಪಿನಲ್ಲಿ ಕೈ ತೊಳೆಯಲು ಜಾಗ, ಬಾಗಿಲು ಹಾಕಿಕೊಳ್ಳುವ ಶೌಚಾಲಯ, 3ರಿಂದ 4 ಗಂಟೆಗೊಮ್ಮೆ ತಪ್ಪದ ಸಮಯ, ಶಾಲೆಯಿಂದ ನೀವು ಕೇಳಬೇಕಾದದ್ದು ಇಷ್ಟೇ.

ತೂರಿಸುವಾಗ ನೀರಿನ ಅಂಶದ ಜೆಲ್ ಬಳಸಿ, ವ್ಯಾಸಲಿನ್ ಬೇಡ. ಮೂತ್ರ ನಿಂತಿತೆಂದು ಸರ್ರನೆ ಎಳೆಯಬೇಡಿ. ನಿಧಾನವಾಗಿ ಹೊರತೆಗೆಯುತ್ತ, ನಡುವೆ ಮತ್ತೆ ಹರಿದರೆ ಅಲ್ಲೇ ನಿಲ್ಲಿಸಿ ಪೂರ್ತಿ ಬರಲು ಬಿಡಿ. ತಳದಲ್ಲಿ ಉಳಿಯುವ ಆ ಸ್ವಲ್ಪವೇ ತೊಂದರೆ ಕೊಡುವುದು. ಮಲಬದ್ಧತೆ ಇದ್ದರೆ ಮೂತ್ರಚೀಲದ ಮೇಲೆ ಒತ್ತಡ ಬಿದ್ದು ಒದ್ದೆಯಾಗುವುದು ಹೆಚ್ಚುತ್ತದೆ, ಮೂತ್ರದ ಔಷಧಿ ಬದಲಿಸುವ ಮೊದಲು ಅದನ್ನು ಸರಿಪಡಿಸಿ. ಕ್ಯಾಥೆಟರ್ ಬಳಸುವ ಮಕ್ಕಳ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಜ್ವರ, ಸೊಂಟದ ಪಕ್ಕ ನೋವು, ಹೊಸದಾಗಿ ಸೋರುವುದು ಏನೂ ಇಲ್ಲದಿದ್ದರೆ ಬರೀ ವರದಿ ನೋಡಿ ಆಂಟಿಬಯೋಟಿಕ್ ಶುರು ಮಾಡುವುದು ಸಲ್ಲ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ಸ್ಪೈನಾ ಬೈಫಿಡಾ ಇರುವ ಮಕ್ಕಳಲ್ಲಿ ಲ್ಯಾಟೆಕ್ಸ್ ರಬ್ಬರ್ ಅಲರ್ಜಿ ಬಹಳ ಹೆಚ್ಚು, ಅದು ಉಸಿರುಗಟ್ಟಿಸುವಷ್ಟು ತೀವ್ರವಾಗಬಹುದು. ಕ್ಯಾಥೆಟರ್, ಗ್ಲೌಸ್ ಲ್ಯಾಟೆಕ್ಸ್ ಇಲ್ಲದವೇ ಆಗಿರಲಿ. ತರಗತಿಯಲ್ಲಿ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುವ ಟೀಚರಿಗೂ ಇದು ಗೊತ್ತಿರಬೇಕು.

ಪ್ರಶ್ನೆ: ಮಗುವಿಗೆ ರಾತ್ರಿ ಕಾನ್ಸಂಟ್ರೇಟರ್‌ನಿಂದ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) ನಿಮಿಷಕ್ಕೆ ಅರ್ಧ ಲೀಟರ್ ಆಕ್ಸಿಜನ್. ಕರೆಂಟ್ ಹೋದರೆ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಉತ್ತರ: ಒಳಗಿರುವ ಲೀಟರನ್ನು ನಿಮಿಷದ ಹರಿವಿನಿಂದ ಭಾಗಿಸಿ. 400 ಲೀಟರ್ ಅನಿಲ ಇದ್ದರೆ, ನಿಮಿಷಕ್ಕೆ ಅರ್ಧ ಲೀಟರಿನಂತೆ 800 ನಿಮಿಷ, ಅಂದರೆ 13 ಗಂಟೆಯ ಮೇಲೆ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಅನಿಲವೂ ಅರ್ಧವೇ. ಪೂರ್ತಿ ಖಾಲಿಯಾಗುವವರೆಗೆ ಲೆಕ್ಕ ಹಿಡಿಯಬೇಡಿ, ಕಾಲು ಭಾಗ ಕೈಯಲ್ಲಿರುವಾಗಲೇ ಮುಂದಿನ ವ್ಯವಸ್ಥೆ ಆಗಿರಬೇಕು. ಲೆಕ್ಕಕ್ಕಿಂತ ಮುಖ್ಯವಾದದ್ದು ಅಭ್ಯಾಸ. ಸಿಲಿಂಡರಿನ ಕೀಲಿ ಅದಕ್ಕೇ ಕಟ್ಟಿರಲಿ, ಕತ್ತಲಲ್ಲಿ ಟಾರ್ಚ್ ಹಿಡಿದು ಬದಲಾಯಿಸುವುದನ್ನು ಮನೆಯ ಇಬ್ಬರಾದರೂ ಮಾಡಿ ನೋಡಿರಲಿ. ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ತಾಗಬಾರದು. ಮೂಗು ಒಣಗಿತೆಂದು ಪೆಟ್ರೋಲಿಯಂ ಜೆಲ್ಲಿ ಹಚ್ಚಬಾರದು, ಆಕ್ಸಿಜನ್ ಇರುವಲ್ಲಿ ಅವು ಬೇಗ ಹೊತ್ತಿಕೊಳ್ಳುತ್ತವೆ. ಆಕ್ಸಿಮೀಟರ್ ಇದ್ದಕ್ಕಿದ್ದಂತೆ 80 ತೋರಿಸಿದರೆ ಮೊದಲು ಮಗುವಿನ ಮುಖ ನೋಡಿ. ಬಣ್ಣ, ಉಸಿರು ಸರಿಯಿದ್ದರೆ ತಣ್ಣಗಾದ ಬೆರಳೋ ಸರಿದ ಕ್ಲಿಪ್ಪೋ ಕಾರಣವಿರಬಹುದು. ಆದರೆ ಮುಖ ಬೂದುಬಣ್ಣಕ್ಕೆ ತಿರುಗಿದ್ದರೆ, ಯಂತ್ರ ಎಲ್ಲ ಸರಿಯಿದೆ ಎಂದು ತೋರಿಸಿದರೂ ನಂಬಬೇಡಿ.

ಪ್ರಶ್ನೆ: ದೊಡ್ಡವಳಿಗೆ ಒಂಬತ್ತು ವರ್ಷ. ತಮ್ಮನ ಕಾಯಿಲೆ ಬಗ್ಗೆ ಏನೂ ಕೇಳುವುದಿಲ್ಲ, ತುಂಬ ಒಳ್ಳೆಯ ಹುಡುಗಿ, ತೊಂದರೆಯೇ ಕೊಡುವುದಿಲ್ಲ.

ಉತ್ತರ: ಅವಳು ಕೇಳದಿರುವುದೇ ನಮಗೆ ಚಿಂತೆ. ಈ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವ ಪ್ರಶ್ನೆಗಳಿವು: ಇದು ನನ್ನಿಂದ ಆಯಿತೇ, ನನಗೂ ಬರುತ್ತದೆಯೇ, ಅವನು ಸತ್ತುಹೋಗುತ್ತಾನೆಯೇ, ಮುಂದೆ ನಾನೇ ನೋಡಿಕೊಳ್ಳಬೇಕೇ. ಕಾಯಿಲೆಯ ಹೆಸರು ಹೇಳಿ, ಅವಳು ಕೇಳದಿದ್ದರೂ ಈ ಪ್ರಶ್ನೆಗಳಿಗೆ ಉತ್ತರಿಸಿ. ಸುಳ್ಳು ಭರವಸೆ ಬೇಡ. ತುರ್ತಿನಲ್ಲಿ ಅವಳಿಗೊಂದು ಚಿಕ್ಕ ಕೆಲಸ ಇರಲಿ, ಬಾಗಿಲು ತೆರೆಯುವುದು, ಪಕ್ಕದ ಮನೆಯವರನ್ನು ಕರೆಯುವುದು. ಔಷಧಿ ಕೊಡುವ ಜವಾಬ್ದಾರಿ ಮಾತ್ರ ಅವಳದಾಗಬಾರದು. ವಾರದಲ್ಲಿ ಒಂದು ಗಂಟೆ ಅವಳೊಬ್ಬಳಿಗೇ ಎಂದು ಗೊತ್ತುಮಾಡಿ. ತಮ್ಮ ಆಸ್ಪತ್ರೆಯಲ್ಲಿದ್ದ ವಾರವೂ ಅದು ತಪ್ಪದಿದ್ದರೆ ಅವಳು ನಂಬುತ್ತಾಳೆ.

ಪ್ರಶ್ನೆ: ಮಗನಿಗೆ 13. ಹುಟ್ಟಿದಾಗಿನಿಂದ ಒಬ್ಬರೇ ಮಕ್ಕಳ ವೈದ್ಯರು. 18 ಆದ ಮೇಲೆ ನೋಡಲಾಗುವುದಿಲ್ಲ ಎಂದಿದ್ದಾರೆ. ಇನ್ನೂ ಐದು ವರ್ಷ ಇದೆಯಲ್ಲ?

ಉತ್ತರ: ಶುರುಮಾಡಲು ಇದೇ ವಯಸ್ಸು. ದೊಡ್ಡವರ ವಿಭಾಗದಲ್ಲಿ ವೈದ್ಯರು ನಿಮ್ಮ ಬದಲು ಅವನನ್ನೇ ಕೇಳುತ್ತಾರೆ, ಆ ದಿನ ಅವನು ನಿಮ್ಮ ಮುಖ ನೋಡುವಂತಾಗಬಾರದು. ಮುಂದಿನ ಭೇಟಿಗೆ ಅವನೇ ಒಂದು ಪ್ರಶ್ನೆ ಬರೆದುಕೊಂಡು ಹೋಗಿ ಕೇಳಲಿ. ಈ ವರ್ಷ ತನ್ನ ಕಾಯಿಲೆಯನ್ನು ಎರಡು ವಾಕ್ಯಗಳಲ್ಲಿ ಹೇಳಲು ಕಲಿಯಲಿ, ಬರುವ ವರ್ಷ ಔಷಧಿಗಳ ಹೆಸರು, ಡೋಸ್. 15–16ರ ಹೊತ್ತಿಗೆ ಔಷಧಿ ಮುಗಿಯುವುದನ್ನು ಗಮನಿಸಿ ತರಿಸುವುದು ಅವನ ಕೆಲಸವಾಗಲಿ, ನೀವು ಹಿಂದಿನಿಂದ ನೋಡುತ್ತಿರಿ. ವೈದ್ಯರ ಜೊತೆ ಸ್ವಲ್ಪ ಹೊತ್ತು ಅವನೊಬ್ಬನೇ ಮಾತಾಡಲು ಬಿಟ್ಟು ನೀವು ಹೊರಗೆ ಕೂತಿರಿ.

ಬುದ್ಧಿಮಟ್ಟದ ತೊಂದರೆಯಿಂದ ಅವನು ತೀರ್ಮಾನ ತೆಗೆದುಕೊಳ್ಳಲಾರನಾದರೆ, 18 ತುಂಬಿದ ಮೇಲೆ ಅವನ ಪರವಾಗಿ ಸಹಿ ಹಾಕುವ ಹಕ್ಕು ತಂದೆತಾಯಿಗೆ ತಾನಾಗಿ ಉಳಿಯುತ್ತದೆ ಎಂದು ಭಾವಿಸಬೇಡಿ. ಕಾನೂನಿನ ದಾರಿ ಏನೆಂದು 16ರಲ್ಲೇ ವಿಚಾರಿಸಿಡಿ. ಹಳೆಯ ವೈದ್ಯರಿಂದ ಆಪರೇಷನ್‌ಗಳ ದಿನಾಂಕ, ಯಾವ ಔಷಧಿ ಒಗ್ಗಲಿಲ್ಲ ಮತ್ತು ಯಾಕೆ, ಚೆನ್ನಾಗಿರುವಾಗಿನ ಅವನ ಅಂಕಿಗಳು ಇರುವ ಸಾರಾಂಶ ಪತ್ರ ಬರೆಸಿಕೊಳ್ಳಿ. ಹೊಸ ವೈದ್ಯರ ಮೊದಲ ಭೇಟಿ ಆಗುವವರೆಗೂ ಹಳೆಯವರ ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ.